‘ಮೊನಿಷನ್’ ಚೀಟಿಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಾದರ ನಮಸ್ಕಾರಗಳು.

ಈ ಸಾಲಿನಿಂದ ಅಗತ್ಯಬಿದ್ದಾಗ ಮಕ್ಕಳ ಡೈರಿಯಲ್ಲಿ ಅಂಟಿಸಲಾಗುತ್ತಿರುವ ಚೀಟಿಯ ತಲೆಬರಹದಲ್ಲಿ ‘ಮೊನಿಷನ್’ ಎಂಬ ಇಂಗ್ಲಿಷ್ ಪದವನ್ನು ಕಂಡು, ಇದು ಶಿಕ್ಷೆಯೋ, ಶಾಲೆಯಿಂದ ಹೊರಹಾಕುವ ಮುನ್ಸೂಚನೆಯೋ ಎಂದು ತಮ್ಮಲ್ಲಿ ಕೆಲವರು ಆತಂಕದಿಂದ ವಿಚಾರಿಸಿದ್ದೀರಿ. ಪದ ಅಪರೂಪದ್ದಾದ್ದರಿಂದ ಅದರ ಅರ್ಥವನ್ನೂ ಹುಟ್ಟನ್ನೂ ತಮಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊನಿಷನ್ ಎಂದರೆ ಎಚ್ಚರಿಕೆ. ಲ್ಯಾಟಿನ್ ಭಾಷೆಯ ‘ಮೊನೇರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ ಈ ಪದ ಹಳೆಯ ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ನೆನಪಿಸುವುದು, ಬುದ್ಧಿ ಹೇಳುವುದು, ಎಚ್ಚರಿಸುವುದು ಈ ಮೂರೂ ಆ ಕ್ರಿಯಾಪದದ ಅರ್ಥಗಳೇ. ಭಾಷಾಶಾಸ್ತ್ರಜ್ಞರು ಅದನ್ನು ‘ಆಲೋಚಿಸು’ ಎಂಬರ್ಥದ ‘ಮೆನ್’ ಎಂಬ ಪ್ರಾಚೀನ ಧಾತುವಿಗೆ ಸೇರಿಸುತ್ತಾರೆ. ಸಂಸ್ಕೃತದಿಂದ ಬಂದು ಕನ್ನಡದ್ದೇ ಆಗಿಹೋಗಿರುವ ‘ಮನಸ್ಸು’, ‘ಮತಿ’ ಎಂಬ ಪದಗಳ ಮೂಲವೂ ಅದೇ ಧಾತು. ಹೀಗಾಗಿ ಮೂಲತಃ ಎಚ್ಚರಿಸುವುದೆಂದರೆ ಹೆದರಿಸುವುದಲ್ಲ, ಎದುರಿಗಿರುವವರು ಆಲೋಚಿಸುವಂತೆ ಮಾಡುವುದು. ನಾವು ಈ ಪದವನ್ನು ಆರಿಸಿದ್ದು ಈ ಕಾರಣಕ್ಕಾಗಿಯೇ.

ಇಂಗ್ಲೆಂಡಿನ ಚರ್ಚಿನ ಕಾನೂನಿನಲ್ಲಿ, ತಪ್ಪಿದ ಪಾದ್ರಿಗೆ ತಿದ್ದಿಕೊಳ್ಳುವಂತೆ ಬಿಷಪ್ ನೀಡುವ ಔಪಚಾರಿಕ ಆದೇಶಕ್ಕೆ ಮೊನಿಷನ್ ಎಂದು ಹೆಸರಿತ್ತು. ಕ್ಯಾಥೊಲಿಕ್ ಧರ್ಮಶಾಸನವಂತೂ, ದೋಷಿಗೆ ಒಮ್ಮೆಯಾದರೂ ಎಚ್ಚರಿಕೆ ಕೊಟ್ಟು, ಪಶ್ಚಾತ್ತಾಪಪಡಲು ತಕ್ಕಷ್ಟು ಕಾಲಾವಕಾಶ ನೀಡದ ಹೊರತು ಬಹಿಷ್ಕಾರದಂಥ ದಂಡನೆಯನ್ನು ವಿಧಿಸುವಂತಿಲ್ಲ ಎನ್ನುತ್ತದೆ.

ಸ್ಮಾರಕವೆಂಬರ್ಥದ ‘ಮಾನ್ಯುಮೆಂಟ್’ ಕೂಡ ಇದೇ ಕುಲದ ಪದ. ಮಕ್ಕಳ ಬಾಯಲ್ಲಿ ದಿನವೂ ಇರುವ ‘ಮಾನಿಟರ್’ ಲ್ಯಾಟಿನ್ನಿನಲ್ಲಿ ನೆನಪಿಸುವವನು, ಸಲಹೆಗಾರ. 16ನೆಯ ಶತಮಾನದ ಇಂಗ್ಲಿಷ್ ಶಾಲೆಗಳಲ್ಲಿ ಕಿರಿಯರ ಮೇಲೆ ನಿಗಾ ಇಡುವ ಹಿರಿಯ ವಿದ್ಯಾರ್ಥಿ. ಇಂದು ನಮ್ಮ ತರಗತಿಗಳಲ್ಲಿ ಆ ಹೊಣೆ ಗಲಾಟೆ ಮಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದಕ್ಕಷ್ಟೇ ಇಳಿದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈ ಚೀಟಿಯಿಂದ ಅಂಕಗಳು ಕಡಿತವಾಗುವುದಿಲ್ಲ. ವರ್ಗಾವಣೆ ಪತ್ರದಲ್ಲಿಯೂ ಇದರ ಉಲ್ಲೇಖವಿರುವುದಿಲ್ಲ. ಚೀಟಿ ಮನೆಗೆ ಬಂದಾಗ ಗದರಿಸದೆ ಮಗುವಿನೊಡನೆ ಕುಳಿತು ಓದಿ, ನಡೆದುದೇನು, ಮುಂದೆ ಹೇಗೆ ನಡೆದುಕೊಳ್ಳಬೇಕೆಂದುಕೊಂಡಿದೆ ಎಂಬುದನ್ನು ಕೆಳಗಿನ ಖಾಲಿ ಜಾಗದಲ್ಲಿ ಮಗುವೇ ತನ್ನ ಮಾತಿನಲ್ಲಿ ಬರೆಯುವಂತೆ ನೋಡಿಕೊಂಡು, ತಮ್ಮ ಸಹಿಯೊಂದಿಗೆ ತರಗತಿ ಶಿಕ್ಷಕರಿಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು