ಒಂದು ಕಿವಿ, ಇಪ್ಪತ್ತು ವರ್ಷ, ಮತ್ತೆ ನಮ್ಮ ಭಾವ

ಶನಿವಾರ ಬಂದಿದ್ದ ಎಲ್ರಿಗೂ ಥ್ಯಾಂಕ್ಸ್. ಏಳು ತಿಂಗಳಾದ್ಮೇಲೆ ಡಿಜೆ ಕನ್ಸೋಲ್ ಹಿಂದೆ ನಿಂತಿದ್ದು, ಮೊದಲ್ನೇ ಎರಡು ಮಿಕ್ಸಲ್ಲಿ ಬೀಟು ಕುದುರೆ ಥರ ಓಡ್ತು ಅಂತ ನಂಗೂ ಗೊತ್ತು, ನೀವ್ಯಾರೂ ಮುಖ ಸಿಂಡರಿಸ್ಲಿಲ್ಲ, ಅದು ನಿಮ್ ದೊಡ್ಡತನ. ಕಿವಿ ವಿಷ್ಯ ಎಲ್ರಿಗೂ ಗೊತ್ತಿರೋದೇ, ಮತ್ತೆ ಕೊರೆಯಲ್ಲ. ಬಲಗಿವಿ ಹೋಯ್ತು, ಎಡಗಿವಿ ಇದೆ, ಅಷ್ಟೇ.

ನಾನು ಮೊದಲ ಸಲ ದುಡ್ಡು ಇಸ್ಕೊಂಡು ಹಾಡು ಹಾಕಿದ್ದು 2005ರಲ್ಲಿ. ಆಗ ನಂಗೆ ಹೌಸ್ ಅನ್ನೋ ಡ್ಯಾನ್ಸ್ ಮ್ಯೂಸಿಕ್ ಬಿಟ್ರೆ ಬೇರೆ ಪ್ರಪಂಚಾನೇ ಇರ್ಲಿಲ್ಲ. ಶಿಕಾಗೋದಲ್ಲಿ ವೇರ್‌ಹೌಸ್ ಅಂತ ಕ್ಲಬ್ ಇತ್ತು, 1977ರಿಂದ ಅಲ್ಲಿ ಫ್ರಾಂಕಿ ನಕಲ್ಸ್ ಅನ್ನೋ ಡಿಜೆ ಹಾಡು ಹಾಕ್ತಿದ್ದ, ಆ ಕ್ಲಬ್ ಹೆಸರಿಂದಾನೇ ಹೌಸ್ ಅಂತ ಬಂದಿದ್ದು ಅಂತ ಸಿಕ್ಕಿದ ಆಟೋದೋರಿಗೂ ಬಿಡ್ದೆ ಹೇಳ್ತಿದ್ದೆ, ನಿಮಿಷಕ್ಕೆ 120 ಬೀಟು, ಅಂದ್ರೆ 120 ಬಿಪಿಎಂಗಿಂತ ಕೆಳಗಿರೋದೆಲ್ಲ ಭಜನೆ ಅಂತಿದ್ದೆ. ಸೊಕ್ಕು. ಆಮೇಲೆ 2008ರ ಸುಮಾರಿಗೆ ಬೆಂಗ್ಳೂರಲ್ಲಿ ಪಬ್ಬಲ್ಲಿ ಕುಣಿಯೋ ಹಾಗಿಲ್ಲ, ಹನ್ನೊಂದೂವರೆಗೆ ಬಾಗ್ಲು ಹಾಕ್ಬೇಕು ಅನ್ನೋ ಕಾಲ ಬಂತಲ್ಲ, ಜನ ಚೇರಲ್ಲಿ ಕೂತ್ಕೊಂಡು ಹೌಸ್ ಕೇಳೋದು ನೋಡಿದ್ರೆ ಮದ್ವೆ ಊಟಕ್ಕೆ ಎಲೆ ಹಾಕಿ ಸಾರೇ ಬರ್ದೇ ಇದ್ದಂಗಿರೋದು. ಕೂತಲ್ಲೇ ತಲೆ ಅಲ್ಲಾಡ್ಸೋಕೆ ಯಾರ ಪರ್ಮಿಷನ್ನೂ ಬೇಡ, ಸೋ 90 ಬಿಪಿಎಂಗೆ ಇಳಿದೆ. ನಾನು ಹಿಪ್‌ಹಾಪ್‌ಗೆ ಬಂದಿದ್ದು ಜ್ಞಾನೋದಯ ಆಗಿ ಅಲ್ಲ ಸ್ವಾಮಿ, ಹೊಟ್ಟೆಪಾಡಿಗೆ. 2014ರಲ್ಲಿ ವೀಕೆಂಡಿಗೆ ಒಂದು ಗಂಟೆವರೆಗೆ ಓಪನ್ ಅಂತ ಆದಾಗ ಎಲ್ರೂ ವಾಪಸ್ ಹೌಸ್‌ಗೆ ಓಡಿದ್ರು, ಅಷ್ಟೊತ್ತಿಗೆ ನಂಗೆ ಚಿಕ್ಕಪೇಟೆ ಸಂಡೇ ಬಜಾರಲ್ಲಿ ಹಳೇ ರೆಕಾರ್ಡ್ ಹುಡ್ಕೋ ಹುಚ್ಚು ಹಿಡಿದಿತ್ತು. ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡು, ಮಧ್ಯದಲ್ಲಿ ನಾಲ್ಕೇ ಸೆಕೆಂಡು ಬೇಸು, ಬೊಂಗೊ, ವಾ-ವಾ ಗಿಟಾರು. ಆ ನಾಲ್ಕು ಸೆಕೆಂಡು ಹಿಡ್ಕೊಂಡೇ, ಬೇಸು ಡ್ರಮ್ಮೇ ಮುಂದಿರೋ ಫಂಕ್‌ಗೆ ಬಂದಿದ್ದು.

ಇನ್ನು ಥ್ಯಾಂಕ್ಸ್. ಮೊದಲ ಮಿಕ್ಸರ್ ಸಾಲ ಕೊಟ್ಟು ಇವತ್ತಿಗೂ ವಾಪಸ್ ಕೇಳದ ಕಾಲೇಜ್ ಫ್ರೆಂಡು, ಎಸ್‌ಪಿ ರೋಡಲ್ಲಿ ಕೇಬಲ್ ಬೆಸುಗೆ ಹಾಕ್ಕೊಟ್ಟ ಅಣ್ಣ, ಏಳು ತಿಂಗಳು ನನ್ ಡೇಟ್‌ಗಳಿಗೆಲ್ಲ ನಿಂತು ಅರ್ಧ ದುಡ್ಡು ನಂಗೇ ಹಾಕಿದ ಮೂರು ಜನ ಡಿಜೆಗಳು, ಶನಿವಾರ ಪಕ್ಕದಲ್ಲೇ ನಿಂತು ಲೆವೆಲ್ ನೋಡ್ಕೊಂಡ ಹುಡ್ಗಿ, ನಿಮ್ಮೆಲ್ರಿಗೂ ಒಂದೇ ಸಾಲಲ್ಲಿ ಮುಗಿಸ್ತಿದೀನಿ, ಬೈಕೋಬೇಡಿ.

ಅಕ್ಕಂಗೆ ಎರಡು ಸಾಲು. ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ತಯಾರಿಕೇನೇ 2010ರಲ್ಲಿ ನಿಂತೋಯ್ತು, ಸೆಕೆಂಡ್‌ಹ್ಯಾಂಡ್ ರೇಟು ಏರ್ತಾ ಇತ್ತು, ಆಗ ತಾನು ಎತ್ತಿದ್ದ ಚೀಟಿ ದುಡ್ಡನ್ನ ಹಂಗೇ ನನ್ ಕೈಗಿಟ್ಲು, ಜೊತೆ ಟರ್ನ್‌ಟೇಬಲ್ ಮನೆಗೆ ಬಂತು. 1973ರ ಆಗಸ್ಟ್ 11ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ ಪಾರ್ಟಿನ ಹಿಪ್‌ಹಾಪ್ ಹುಟ್ಟುಹಬ್ಬ ಅಂತಾರಲ್ಲ, ಅದನ್ನ ಇಟ್ಕೊಂಡಿದ್ದು ಅವನ ತಂಗಿ ಸಿಂಡಿ, ಸ್ಕೂಲಿಗೆ ಹೊಸ ಬಟ್ಟೆ ತಗೊಳೋಕೆ ದುಡ್ಡು ಬೇಕಿತ್ತು ಅಂತ. ಅಣ್ತಮ್ಮಂದ್ರು ಹೆಸರು ಮಾಡ್ತಾರೆ, ಲೆಕ್ಕ ಅಕ್ಕತಂಗೀರು ನೋಡ್ಕೋತಾರೆ, ಅಲ್ಲೂ ಅಷ್ಟೇ ಇಲ್ಲೂ ಅಷ್ಟೇ.

ಈಗ ಭಾವ.

ನಮ್ ಭಾವ ಸಿಟಿ ಬಸ್ ಡ್ರೈವರ್. ನಾನು ಅವ್ರ ಮನೆ ಮೇಲಿನ ಶೀಟ್ ರೂಮಲ್ಲಿರೋದು. ನಾನು ಗಿಗ್ ಮುಗಿಸಿ ಬರೋ ಹೊತ್ತಿಗೆ ಅವ್ರು ಫಸ್ಟ್ ಶಿಫ್ಟಿಗೆ ಎದ್ದಿರ್ತಾರೆ, ಬೆಳಗಿನ ಜಾವ ನಾಕಕ್ಕೆ ಒಂದೇ ಡಿಕಾಕ್ಷನ್ನಲ್ಲಿ ಇಬ್ರಿಗೂ ಕಾಫಿ, ಅವ್ರಿಗೆ ದಿನ ಶುರು ನಂಗೆ ದಿನ ಮುಗೀತು. ಇಷ್ಟು ವರ್ಷದಲ್ಲಿ ನನ್ ಹಾಡಿನ ಬಗ್ಗೆ ಅವ್ರು ಹೇಳಿದ್ದು ಒಂದೇ ಮಾತು, "ಸ್ವಲ್ಪ ಕಮ್ಮಿ ಮಾಡೋ."

ಫೆಬ್ರವರಿಯ ಆ ರಾತ್ರಿ. ಕಿವಿಯೊಳಗೆ ಕುಕ್ಕರ್ ವಿಷಲ್ ಒಂದೇ ಸಮ, ನಿಲ್ಲೋದೇ ಇಲ್ಲ, ಎದ್ದು ನಿಂತ್ರೆ ನೆಲ ವಾಲ್ತಿತ್ತು. ನಂಗೆ ಬೇರೇನೂ ಬರಲ್ಲ ಕಣ್ರೀ. ನಲ್ವತ್ತೊಂದು ವರ್ಷ, ಕೈಲಿರೋದು ಇದೊಂದೇ ಕಸುಬು, ಅದಕ್ಕೆ ಬೇಕಾಗಿರೋದೇ ಕಿವಿ. ರಾತ್ರಿ ಒಂದೂವರೆಗೆ ಎಲ್ಲಾ ವೈರ್ ಕಿತ್ತು, ಟರ್ನ್‌ಟೇಬಲ್ ಫೋಟೋ ತೆಗೆದು ಮಾರಾಟಕ್ಕೆ ಹಾಕಿ, ನೆಲದ ಮೇಲೆ ಕೂತ್ಕೊಂಡು ಸಣ್ಣ ಮಕ್ಕಳ ಥರ ಅತ್ತೆ. ಅದಕ್ಕಿಂತ ಕೆಟ್ಟ ಯೋಚನೇನೂ ಬಂದಿತ್ತು, ಇಲ್ಲಿ ಬರಿಯಲ್ಲ, ಭಾವಂಗೆ ಗೊತ್ತು.

ಲೈಟ್ ಉರೀತಿದೆ ಅಂತ ಮೇಲೆ ಬಂದ್ರು. ಏನೂ ಕೇಳ್ಲಿಲ್ಲ. ವೈರ್ ರಾಶಿ ಪಕ್ಕಕ್ಕೆ ತಳ್ಳಿ ಕೂತ್ರು. ತುಂಬಾ ಹೊತ್ತಾದ್ಮೇಲೆ, "ಯಾವುದಾದ್ರೂ ಒಂದು ಹಾಕು, ಕೇಳಣ" ಅಂದ್ರು. ಮತ್ತೆ ವೈರ್ ಸಿಗ್ಸಿ ಕೈಗೆ ಸಿಕ್ಕಿದ ರೆಕಾರ್ಡ್ ಹಾಕ್ದೆ, ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್‌ದು, ಫಂಕಿ ಡ್ರಮ್ಮರ್. ಭಾವ ಸ್ಪೀಕರ್ ಮೇಲೆ ಅಂಗೈ ಇಟ್ಕೊಂಡು ಕೇಳಿದ್ರು, ಇಂಜಿನ್ ಬಿಸಿ ಆಗಿದ್ಯಾ ಅಂತ ನೋಡೋ ಥರ.

"ಯಾರೋ ಇದು ಬಾರ್ಸಿರೋನು?"

ಕ್ಲೈಡ್ ಸ್ಟಬಲ್‌ಫೀಲ್ಡ್ ಅಂತ, 1969ರಲ್ಲಿ ಬಾರ್ಸಿದ್ದು, ಆ ಡ್ರಮ್ಮನ್ನ ಕತ್ತರಿಸಿ ಸಾವಿರಕ್ಕೂ ಮೇಲೆ ಹಾಡಲ್ಲಿ ಹಾಕ್ಕೊಂಡಿದಾರೆ ಅಂದೆ.

"ದುಡ್ಡು ಕೊಟ್ರಾ?"

ಸ್ಟುಡಿಯೋದಲ್ಲಿ ಬಾರ್ಸಿದ್ದಕ್ಕೆ ಕೂಲಿ ಅಷ್ಟೇ, ಹಾಡಿನ ಮೇಲೆ ಹಕ್ಕಿರ್ಲಿಲ್ಲ, ರಾಯಲ್ಟಿ ಸಿಗ್ಲಿಲ್ಲ, 2017ರಲ್ಲಿ ತೀರ್ಕೊಂಡ.

"ನೀನೆಷ್ಟು ಹಾಡಲ್ಲಿ ಹಾಕ್ಕೊಂಡಿದ್ಯಾ?"

ನಾಲ್ಕು.

ಭಾವ ಯೂನಿಯನ್ ಮನುಷ್ಯ. ಸುಮ್ನೆ ನೋಡಿದ್ರು, ಆ ನೋಟಕ್ಕೆ ಕಿವಿಯಲ್ಲಿರೋ ವಿಷಲ್ಲೂ ಒಂದು ಕ್ಷಣ ನಿಂತಂಗಾಯ್ತು. ಆಮೇಲೆ, "ಎಡಗಡೆ ಕನ್ನಡಿ ಇಲ್ದಿರೋ ಗಾಡೀನೂ ಓಡ್ಸಿದೀನಿ ಕಣೋ ನಾನು, ಕಂಡಕ್ಟ್ರು ಸೀಟಿ ನಂಬ್ಕೊಂಡು. ಮಾರೋದಾದ್ರೆ ಮಾರು. ಅದಕ್ಕೆ ಮುಂಚೆ ಯಾರ್ದೂ ಕದೀದೆ ಒಂದು ಹಾಡು ಮಾಡು" ಅಂದ್ರು. ನಾಕು ಗಂಟೆಗೆ ಡ್ಯೂಟಿಗೆ ಹೋಗ್ಲಿಲ್ಲ. ಜ್ವರ ಬಂದ್ರೂ ರಜೆ ಹಾಕದ ಮನುಷ್ಯ ಫೋನ್ ಮಾಡಿ ಇವತ್ತು ಬರಲ್ಲ ಅಂದು, ಬೆಳಕು ಹರಿಯೋವರ್ಗೂ ಆ ಚಾಪೆ ಮೇಲೇ ಕೂತಿದ್ರು. ಗೋಡೆಗೊರಗಿ ಗೊರಕೆ ಹೊಡೆದ್ರು ಅನ್ನೋದು ಬೇರೆ ವಿಷ್ಯ.

ಶನಿವಾರ ಕೊನೇಲಿ ಹಾಕಿದ್ದು ಯಾರ್ದೂ ಕದೀದೆ ಮಾಡಿದ ಆ ಹಾಡೇ. ನಮ್ ಬೀದಿ ತಮಟೆ ಹುಡುಗ ಟೆರೇಸಲ್ಲಿ ಪೇಪರ್ ಉರ್ಸಿ ತಮಟೆ ಕಾಯ್ಸಿ ಬಾರ್ಸಿದ, ಕಂಪ್ಯೂಟರ್ ತಾಳದ ಗ್ರಿಡ್‌ಗೆ ಕೂರ್ಲಿಲ್ಲ, ನಾನೂ ಕೂರ್ಸೋಕೆ ಹೋಗ್ಲಿಲ್ಲ. ಅರ್ಧ ರೈಟ್ಸ್ ಅವನ್ದು, ಪೇಪರಲ್ಲಿ ಬರೆದು ಸೈನ್ ಹಾಕಿದೀವಿ, ಸಾಕ್ಷಿ ಭಾವ. ಮಿಕ್ಸ್ ಮಾಡಿದ್ದು ಪೂರ್ತಿ ಮೋನೋದಲ್ಲಿ, ಎಡಕ್ಕೂ ಬಲಕ್ಕೂ ಒಂದೇ ಸೌಂಡು, ನಂಗೆ ಕೇಳ್ಸೋದೇ ಅಷ್ಟು, ಹೆಂಗೂ ಎಷ್ಟೋ ಕ್ಲಬ್ ಸಿಸ್ಟಮ್ ಓಡೋದೇ ಮೋನೋದಲ್ಲಿ. ಮುಂಚೆ ಒಂದು ಕಿವೀಲಿ ಹೆಡ್‌ಫೋನಿನ ಮುಂದಿನ ಹಾಡು, ಇನ್ನೊಂದ್ರಲ್ಲಿ ಫ್ಲೋರಲ್ಲಿ ಓಡ್ತಿರೋ ಹಾಡು. ಈಗ ಮಿಕ್ಸರ್ ನಾಬ್ ಮಧ್ಯಕ್ಕಿಟ್ಟು ಎರಡು ಹಾಡನ್ನೂ ಒಂದೇ ಕಿವಿಗೆ ತಗೋತೀನಿ, ಅತ್ತೆ ಸೊಸೆ ಇಬ್ರೂ ಒಟ್ಟಿಗೆ ಮಾತಾಡ್ದಂಗಿರುತ್ತೆ, ಅಭ್ಯಾಸ ಆಗ್ತಿದೆ.

ಭಾವ ಎರಡೂ ಕಿವಿಗೆ ಹತ್ತಿ ತುರುಕ್ಕೊಂಡು ಬಂದಿದ್ರು. ಹನ್ನೊಂದಕ್ಕೆ ಎದ್ದು, ಬೆಳಿಗ್ಗೆ ಡ್ಯೂಟಿ ಇದೆ ಅಂತ ಕೈ ಸನ್ನೆ ಮಾಡಿ ಹೋದ್ರು. ತಮಟೆ ಹಾಡು ಕೇಳ್ಲಿಲ್ಲ. ನಾಕು ಗಂಟೆಗೆ ಕಾಫಿ ಕುಡೀತಾ ಫೋನಲ್ಲೇ ಕೇಳ್ಸಿದೆ. "ಸ್ವಲ್ಪ ಜಾಸ್ತಿ ಮಾಡೋ" ಅಂದ್ರು.

ಆಮೇಲೆ, ಹಳೇ ಆ್ಯಡ್ ನೋಡಿ ಲಾಸ್ಟ್ ಪ್ರೈಸ್ ಎಷ್ಟು ಅಂತ ಇನ್ನೂ ಮೆಸೇಜ್ ಮಾಡ್ತಿರೋರಿಗೆ: ಟರ್ನ್‌ಟೇಬಲ್ ಮಾರಾಟಕ್ಕಿಲ್ಲ. ಸ್ಪೀಕರ್ ಸ್ಟ್ಯಾಂಡ್ ಒಂದು ಜೊತೆ ಇದೆ, ಬೇಕಾದ್ರೆ ಹೇಳಿ.