ಜಿಲ್ಲೆಯ ತಲಾ ಆದಾಯ ಯಾರ ಆದಾಯ?

ಮಾನ್ಯ ಸಂಪಾದಕರೇ,

ಬಜೆಟ್ ಹೊತ್ತಿಗೆ ರಾಜ್ಯದ ಆರ್ಥಿಕ ಸಮೀಕ್ಷೆ ಹೊರಬಿದ್ದರೆ ಮರುದಿನ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ತಲಾ ಆದಾಯದಲ್ಲಿ ಬೆಂಗಳೂರು ನಗರ ಮೊದಲು, ಅದರ ಹಿಂದೆ ದಕ್ಷಿಣ ಕನ್ನಡ, ಕಟ್ಟಕಡೆಗೆ ಕಲಬುರಗಿ. ಶೀರ್ಷಿಕೆಯಲ್ಲಿ ‘ಬೆಂಗಳೂರಿಗರ ಗಳಿಕೆ’, ‘ಕಲಬುರಗಿ ಜನರ ಆದಾಯ’ ಎಂದೇ ಇರುತ್ತದೆ. ಆದರೆ ಆ ಅಂಕಿಗಾಗಿ ಯಾರ ಗಳಿಕೆಯನ್ನೂ ಯಾರೂ ಅಳೆದಿರುವುದಿಲ್ಲ. ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಹುಟ್ಟಿದ ಮೌಲ್ಯವನ್ನು ಅಂದಾಜು ಮಾಡಿ, ಅದನ್ನು ಅಂದಾಜು ಜನಸಂಖ್ಯೆಯಿಂದ ಭಾಗಿಸಿರುತ್ತಾರೆ.

ಲೆಕ್ಕ ಹೀಗಿದೆ. ಕೃಷಿ, ಗಣಿ, ಕಾರ್ಖಾನೆ, ವ್ಯಾಪಾರ, ಸೇವೆ ಹೀಗೆ ವಲಯವಾರು ಹುಟ್ಟುವಳಿಯ ಬೆಲೆ ಕಟ್ಟಿ, ಅದಕ್ಕೆ ಬಳಸಿದ ಸರಕಿನ ಬೆಲೆ ಕಳೆದರೆ ಒಟ್ಟು ಮೌಲ್ಯವರ್ಧನೆ ಸಿಗುತ್ತದೆ. ಅದಕ್ಕೆ ಉತ್ಪನ್ನ ತೆರಿಗೆ ಕೂಡಿ, ಸಬ್ಸಿಡಿ ಕಳೆದರೆ ಒಟ್ಟು ಉತ್ಪನ್ನ. ಯಂತ್ರ, ಕಟ್ಟಡಗಳ ಸವಕಳಿ ಕಳೆದರೆ ನಿವ್ವಳ ಉತ್ಪನ್ನ. ಅದನ್ನು ಆರ್ಥಿಕ ವರ್ಷದ ನಡುವಿನ ದಿನವಾದ ಅಕ್ಟೋಬರ್ 1ರ ಜನಸಂಖ್ಯೆಯಿಂದ ಭಾಗಿಸಿದರೆ ಬರುವುದೇ ನಾವು ‘ತಲಾ ಆದಾಯ’ ಎನ್ನುವ ಅಂಕಿ. ತೆರಿಗೆ ಕೂಡಿಸಿದ್ದಾರೆಂದ ಮೇಲೆ ಜಿಎಸ್‌ಟಿಯೂ ಮದ್ಯದ ಮೇಲಿನ ಅಬಕಾರಿ ಸುಂಕವೂ ಅದರೊಳಗೇ ಕೂತಿವೆ. ಕುಡಿಯದವನ ‘ಆದಾಯ’ದಲ್ಲೂ ಆ ಸುಂಕದ ಒಂದು ಪಾಲು ಉಂಟು!

2024-25ರಲ್ಲಿ ಕರ್ನಾಟಕದ ತಲಾ ಆದಾಯ ಚಾಲ್ತಿ ಬೆಲೆಯಲ್ಲಿ, ಅಂದರೆ ಅದೇ ವರ್ಷದ ಬೆಲೆಯಲ್ಲಿ, ಸುಮಾರು 3.8 ಲಕ್ಷ ರೂಪಾಯಿ. ಇದನ್ನು ಜೇಬಿಗೆ ಬಂದ ಹಣವೆಂದು ಓದಿದರೆ ನಾಲ್ಕು ಜನರ ಮನೆಗೆ 15 ಲಕ್ಷ ಆಗುತ್ತದೆ. ಅದೇ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಎರಡೂ ಕಡೆ ‘ಆದಾಯ’ ಎಂಬ ಒಂದೇ ಪದವಿದೆ, ಅಳೆದ ವಸ್ತು ಬೇರೆ.

ವ್ಯತ್ಯಾಸ ಎದ್ದು ಕಾಣುವುದು ದೊಡ್ಡ ಸ್ಥಾವರಗಳಿರುವ ಜಿಲ್ಲೆಗಳಲ್ಲಿ. ಮಂಗಳೂರಿನ ತೈಲ ಸಂಸ್ಕರಣಾಗಾರ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲದು. ಅಲ್ಲಿ ಹುಟ್ಟುವ ಮೌಲ್ಯವೆಲ್ಲ ದಕ್ಷಿಣ ಕನ್ನಡದ ಖಾತೆಗೆ ಸೇರುತ್ತದೆ. ಅದರ ಲಾಭಾಂಶದ ದೊಡ್ಡ ಪಾಲು ಮಾತ್ರ ಬಹುಪಾಲು ಷೇರು ಹೊಂದಿರುವ ಒಎನ್‌ಜಿಸಿಗೆ ಹೋಗುತ್ತದೆ, ಸುರತ್ಕಲ್ಲಿನ ಮನೆಗಳಿಗಲ್ಲ. ಕೈಗಾದ ನಾಲ್ಕು 220 ಮೆಗಾವಾಟ್ ಘಟಕಗಳು ಉತ್ತರ ಕನ್ನಡಕ್ಕೆ, ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ರಾಯಚೂರಿಗೆ ಇದೇ ರೀತಿ ಲೆಕ್ಕವಾಗುತ್ತವೆ. ಉದಾಹರಣೆಗೆಂದು ಒಂದು ಸ್ಥಾವರದ ಒಟ್ಟು ಮೌಲ್ಯವರ್ಧನೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿ 25, ಬಡ್ಡಿ 20, ಲಾಭ 40, ಸಂಬಳ 15. ಜಿಲ್ಲೆಯ ನಿವ್ವಳ ಲೆಕ್ಕಕ್ಕೆ 75 ರೂಪಾಯಿ ಸೇರುತ್ತದೆ. ಆ ಜಿಲ್ಲೆಯಲ್ಲೇ ಉಳಿಯುವುದು ಹೆಚ್ಚೆಂದರೆ 15, ಅದೂ ನೌಕರರು ಅಲ್ಲೇ ಮನೆ ಮಾಡಿದ್ದರೆ.

ಎಲ್ಲರೂ ಅಲ್ಲೇ ಮನೆ ಮಾಡಿರುವುದಿಲ್ಲ ಎನ್ನುವುದು ಎರಡನೆಯ ತೊಡಕು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್, ಬಂಗಾರಪೇಟೆಯ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ವೈಟ್‌ಫೀಲ್ಡಿನಲ್ಲಿ ಅವರು ಹುಟ್ಟಿಸಿದ ಮೌಲ್ಯ ಬೆಂಗಳೂರು ನಗರ ಜಿಲ್ಲೆಯ ಅಂಶದಲ್ಲಿ ಸೇರುತ್ತದೆ. ಅವರ ತಲೆ ಮಾತ್ರ ಕೋಲಾರದ ಛೇದದಲ್ಲಿ. ಹೀಗೆ ಒಬ್ಬನೇ ಮನುಷ್ಯ ಒಂದು ಜಿಲ್ಲೆಯ ತಲಾ ಆದಾಯವನ್ನು ಏರಿಸಿ, ತನ್ನದೇ ಜಿಲ್ಲೆಯದನ್ನು ಇಳಿಸುತ್ತಾನೆ. ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವರದೂ ಇದೇ ಕಥೆ. ಅವರು ಊರಿಗೆ ಕಳಿಸಿದ ಹಣ ಯಾದಗಿರಿಯ ಅಂಕಿಯಲ್ಲಿ ಎಲ್ಲೂ ಇಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಿಗೆ ಗಲ್ಫ್‌ನಿಂದ ಬರುವ ಹಣವೂ ಇಲ್ಲ. ಕರಾವಳಿಯ ಅಂಕಿ ಸ್ಥಾವರಗಳ ಕಡೆಯಿಂದ ಉಬ್ಬಿ, ಗಲ್ಫ್ ಹಣದ ಕಡೆಯಿಂದ ಕುಗ್ಗಿದೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದು ಯಾರೂ ಭಾವಿಸಬೇಕಿಲ್ಲ.

ಇದು ಲೆಕ್ಕಿಗರ ಅಜ್ಞಾನವೇನಲ್ಲ. ಆದಾಯ ಹುಟ್ಟಿದ ಜಾಗದ ಲೆಕ್ಕ ಒಂದು, ಸೇರಿದ ಜಾಗದ ಲೆಕ್ಕ ಇನ್ನೊಂದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಎರಡನೆಯದಕ್ಕೆ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಹರಿಯುವ ಸಂಬಳ, ಬಡ್ಡಿ, ಲಾಭದ ಮಾಹಿತಿ ಬೇಕು. ನಮ್ಮಲ್ಲಿ ಅದಿಲ್ಲ. ಅಮೆರಿಕದ ಆರ್ಥಿಕ ವಿಶ್ಲೇಷಣಾ ಬ್ಯೂರೋ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆ ಇದ್ದಂತೆ) ‘ವೈಯಕ್ತಿಕ ಆದಾಯ’ವನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಸಂಬಳ, ಸ್ವಂತ ಉದ್ಯಮದ ಗಳಿಕೆ, ಬಾಡಿಗೆ, ಬಡ್ಡಿ, ಡಿವಿಡೆಂಡ್, ಸರ್ಕಾರದ ಪಿಂಚಣಿ-ನೆರವು ಎಲ್ಲ ಕೂಡಿ, ಸಾಮಾಜಿಕ ವಿಮೆಯ ವಂತಿಗೆ ಕಳೆದು, ದುಡಿದ ಜಾಗದಿಂದ ವಾಸದ ಜಾಗಕ್ಕೆ ಹಣವನ್ನು ವರ್ಗಾಯಿಸುವ ಹೊಂದಾಣಿಕೆಯನ್ನೂ ಮಾಡುತ್ತದೆ. ಮ್ಯಾನ್‌ಹಟನ್ನಿನಲ್ಲಿ ದುಡಿದು ನ್ಯೂಜೆರ್ಸಿಯ ಮನೆಗೆ ಮರಳುವವರ ಸಂಬಳ ನ್ಯೂಜೆರ್ಸಿಗೇ ಹೋಗಿ ಕೂರುತ್ತದೆ. ಅಲ್ಲೂ ಷೇರು, ಆಸ್ತಿ ಮಾರಿದ ಲಾಭ ಈ ಲೆಕ್ಕದಲ್ಲಿ ಬರುವುದಿಲ್ಲ.

ಜಿಲ್ಲಾ ಮಟ್ಟಕ್ಕೆ ಇಳಿದಷ್ಟೂ ಅಂದಾಜಿನ ಪಾಲು ಹೆಚ್ಚುತ್ತದೆ. ಭತ್ತ, ರಾಗಿಯ ವಿಷಯದಲ್ಲಿ ನೆಲದ ಮೇಲಿನ ಅಳತೆ ಇದೆ: ಆಯ್ದ ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಗುರುತಿಸಿ, ಕೊಯ್ದು, ಬಡಿದು, ತೂಗಿ ಇಳುವರಿ ಕಂಡುಕೊಳ್ಳುತ್ತಾರೆ. ಹಗ್ಗ ಹಿಡಿದವರು ಚೆನ್ನಾಗಿ ಬೆಳೆದ ಮೂಲೆಗೆ ಅರ್ಧ ಮೀಟರ್ ಸರಿದರೂ ತೂಕ ಬದಲಾಗುತ್ತದೆ, ನಿಜ. ಆದರೂ ಅದು ಅಳತೆ. ನೋಂದಾಯಿತ ಕಾರ್ಖಾನೆಗಳಿಗೆ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ವಿವರ ಸಿಗುತ್ತದೆ. ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಆಡಳಿತದಂಥವಕ್ಕೆ ರಾಜ್ಯದ ಪಾಲು ಕೇಂದ್ರದಿಂದಲೇ ಬರುತ್ತದೆ, ಅದನ್ನು ಯಾವುದೋ ಒಂದು ಸೂಚಕ ಹಿಡಿದು ಜಿಲ್ಲೆಗಳಿಗೆ ಹಂಚುತ್ತಾರೆ. ಚಿಲ್ಲರೆ ಅಂಗಡಿ, ಹೊಲಿಗೆ, ಆಟೋ, ಸಣ್ಣ ಹೋಟೆಲಿನಂಥ ಅಸಂಘಟಿತ ವಲಯದ ಮೊತ್ತವನ್ನು ಹಂಚಲು ಮುಖ್ಯ ಆಧಾರ ದುಡಿಯುವವರ ತಲೆ ಎಣಿಕೆ. ಹಾಗಾಗಿ ಚಿತ್ತಾಪುರದ ದರ್ಜಿಗೂ ಜಯನಗರದ ದರ್ಜಿಗೂ ಇರುವ ಗಳಿಕೆಯ ಅಂತರ ಈ ಹಂಚಿಕೆಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹೀಗೆ ಹಂಚಿದ ಅಂಕಿಯನ್ನು ರೂಪಾಯಿ ಲೆಕ್ಕದಲ್ಲಿ ಕೊನೆಯ ಅಂಕೆಯವರೆಗೆ ಅಚ್ಚು ಹಾಕಿ, 14ನೇ ಸ್ಥಾನದ ಜಿಲ್ಲೆ 13ಕ್ಕೆ ಏರಿತೆಂದು ಬರೆಯುವುದರಲ್ಲಿ ಏನೂ ಹುರುಳಿಲ್ಲ.

ಮೂಲವರ್ಷದ ವಿಷಯಕ್ಕೆ ಬಳ್ಳಾರಿಗಿಂತ ಒಳ್ಳೆಯ ಪಾಠ ಸಿಗದು. ಎಲ್ಲ ವರ್ಷಗಳ ಹುಟ್ಟುವಳಿಗೂ ಒಂದೇ ವರ್ಷದ ಬೆಲೆ ಕಟ್ಟಿದರೆ ಅದು ಸ್ಥಿರ ಬೆಲೆಯ ಸರಣಿ, ಆ ಒಂದು ವರ್ಷವೇ ಮೂಲವರ್ಷ. ಇಷ್ಟು ವರ್ಷ ನಾವು ಓದಿದ ಸರಣಿಗೆ ಮೂಲವರ್ಷ 2011-12. ಅದೇ ವರ್ಷದ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಗಣಿ ನಿಂತ ವರ್ಷವನ್ನು ಆರಂಭದ ಗೆರೆಯಾಗಿ ಹಿಡಿದು ‘ಹತ್ತು ವರ್ಷದಲ್ಲಿ ಬಳ್ಳಾರಿ ಇಷ್ಟು ಪಟ್ಟು ಬೆಳೆಯಿತು’ ಎಂದರೆ, ಮತ್ತೆ ತೆರೆದ ಗಣಿಯನ್ನೇ ಬೆಳವಣಿಗೆ ಎಂದು ಎಣಿಸಿದಂತೆ. ಮೇಲಾಗಿ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಸಂಡೂರು ತಾಲ್ಲೂಕು, ಅದರೊಳಗಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಳ್ಳಾರಿಯಲ್ಲೇ ಉಳಿದವು, ಹೊಸಪೇಟೆ ವಿಜಯನಗರಕ್ಕೆ ಹೋಯಿತು. ಹಳೆಯ ಬಳ್ಳಾರಿಯ ಅಂಕಿಯನ್ನೂ ಹೊಸ ಬಳ್ಳಾರಿಯ ಅಂಕಿಯನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ, ಯಾರ ಸಂಬಳವೂ ಒಂದು ಪೈಸೆ ಹೆಚ್ಚದೆ ತಲಾ ಆದಾಯ ಜಿಗಿಯುತ್ತದೆ.

‘ಸ್ಥಿರ ಬೆಲೆ’ ಎಂಬ ಪದವೂ ದಾರಿ ತಪ್ಪಿಸುತ್ತದೆ. 2024-25ರ ರಾಜ್ಯದ ಅಂಕಿ ಸ್ಥಿರ ಬೆಲೆಯಲ್ಲಿ 2,04,605 ರೂಪಾಯಿ. ಚಾಲ್ತಿ ಬೆಲೆಯ 3.8 ಲಕ್ಷವನ್ನು ಒಂದು ವರದಿಯಲ್ಲೂ ಈ ಅಂಕಿಯನ್ನು ಇನ್ನೊಂದರಲ್ಲೂ ಓದಿದವರು ಆದಾಯ ಅರ್ಧಕ್ಕೆ ಇಳಿಯಿತೆಂದು ಗಾಬರಿಯಾದರೆ ತಪ್ಪು ಅವರದಲ್ಲ. ಸ್ಥಿರ ಬೆಲೆ ಎಂದರೆ ಕಾಲದಿಂದ ಕಾಲಕ್ಕೆ ಏರಿದ ಬೆಲೆಯನ್ನು ತೆಗೆದುಹಾಕಿದ್ದು. ಊರಿನಿಂದ ಊರಿಗಿರುವ ಬೆಲೆಯ ವ್ಯತ್ಯಾಸವನ್ನು ಅದು ಮುಟ್ಟುವುದೇ ಇಲ್ಲ. ಬೆಂಗಳೂರಿನ ಮನೆ ಬಾಡಿಗೆ, ಬೀದರಿನ ಮನೆ ಬಾಡಿಗೆ ಎರಡೂ ಅದರ ಕಣ್ಣಿಗೆ ಬೀಳುವುದಿಲ್ಲ.

ಜನರ ಬದುಕಿಗೆ ಹತ್ತಿರದ ಅಂಕಿ ಬೇಕಿದ್ದರೆ ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ ಇದೆ. 2023-24ರಲ್ಲಿ ಕರ್ನಾಟಕದಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ ಹಳ್ಳಿಯಲ್ಲಿ 4,903, ಪಟ್ಟಣದಲ್ಲಿ 8,076 ರೂಪಾಯಿ. ವರ್ಷಕ್ಕೆ ಸುಮಾರು 59 ಸಾವಿರ ಮತ್ತು 97 ಸಾವಿರ. ಮೂರು ಲಕ್ಷ ದಾಟಿದ ತಲಾ ಆದಾಯದ ಪಕ್ಕದಲ್ಲಿಟ್ಟು ನೋಡಿ. ನಡುವಿನ ಅಂತರವೆಲ್ಲ ಉಳಿತಾಯವಲ್ಲ. ಕಂಪನಿಗಳಲ್ಲೇ ಉಳಿದ ಲಾಭ, ಸರ್ಕಾರಕ್ಕೆ ಹೋದ ತೆರಿಗೆ, ರಾಜ್ಯದಾಚೆ ಹೋದ ಬಡ್ಡಿ-ಡಿವಿಡೆಂಡ್, ಸಮೀಕ್ಷೆಯ ಕೈಗೆ ಸಿಗದ ಸಿರಿವಂತರು ಎಲ್ಲ ಅದರಲ್ಲಿದ್ದಾರೆ. ನೇರವಾಗಿ ಆದಾಯವನ್ನೇ ಕೇಳುವ ರಾಷ್ಟ್ರೀಯ ಸಮೀಕ್ಷೆಯನ್ನು 2026ರ ಫೆಬ್ರುವರಿಯಿಂದ ನಡೆಸುವುದಾಗಿ ಕೇಂದ್ರ ಪ್ರಕಟಿಸಿತ್ತು. ಹಿಂದಿನ ದಶಕಗಳಲ್ಲಿ ಪ್ರಯೋಗಕ್ಕೆಂದು ಕೇಳಿದಾಗ ಜನ ಹೇಳಿದ ಆದಾಯ, ಅವರ ಖರ್ಚು-ಉಳಿತಾಯದ ಮೊತ್ತಕ್ಕಿಂತಲೂ ಕಡಿಮೆ ಬಂದಿತ್ತು. ಈ ಸಲದ ಅಂಕಿಯನ್ನೂ ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಇದೆಲ್ಲ ಪಂಡಿತರ ಜಗಳವಾಗಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ ಶೇ 45ರಷ್ಟು ತೂಕ ಕೊಟ್ಟದ್ದು ‘ಆದಾಯದ ಅಂತರ’ಕ್ಕೆ: ತಲಾ ಅಂಕಿ ಹೆಚ್ಚಿದ್ದಷ್ಟೂ ರಾಜ್ಯಕ್ಕೆ ಪಾಲು ಕಡಿಮೆ. ಅದಕ್ಕೆ ಬಳಸಿದ್ದು 2016-17ರಿಂದ 2018-19ರವರೆಗಿನ ತಲಾ ಒಟ್ಟು ಉತ್ಪನ್ನದ ಸರಾಸರಿ. ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಲು ಅದೊಂದು ಮುಖ್ಯ ಕಾರಣ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ ಇರುವಾಗ, ಅಲ್ಲಿನ ಗಾಜಿನ ಕಟ್ಟಡಗಳ ಸರಾಸರಿ ಯಾದಗಿರಿಯ ಪಾಲನ್ನೂ ಕತ್ತರಿಸುತ್ತದೆ.

ಪತ್ರಿಕೆಯಿಂದ ಬೇಕಿರುವುದು ಇಷ್ಟು. ಕೋಷ್ಟಕದ ತಲೆಬರಹದಲ್ಲಿ ‘ತಲಾ ನಿವ್ವಳ ಜಿಲ್ಲಾ ಉತ್ಪನ್ನ’ ಎಂದಿರಲಿ. ಚಾಲ್ತಿ ಬೆಲೆಯೋ ಸ್ಥಿರ ಬೆಲೆಯೋ, ಯಾವ ವರ್ಷದ್ದು, ಮುಂಗಡ ಅಂದಾಜೋ ಪರಿಷ್ಕೃತವೋ ಎಂಬುದನ್ನು ಅಡಿಯಲ್ಲಿ ಒಂದು ಸಾಲಿನಲ್ಲಿ ಹಾಕಿ. ಜಿಲ್ಲೆಯ ಅಂಕಿ ಸಾಮಾನ್ಯವಾಗಿ ರಾಜ್ಯದ್ದಕ್ಕಿಂತ ಒಂದು ವರ್ಷ ಹಿಂದಿನದು, ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಮತ್ತು ಛೇದವನ್ನು ಗಮನಿಸಿ. ಈಗಿನ ಜನಸಂಖ್ಯೆಯೆಲ್ಲ 2011ರ ಜನಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು. 2001ರಿಂದ 2011ರ ನಡುವೆ ಬೆಂಗಳೂರು ನಗರ ಶೇ 47ರಷ್ಟು ಬೆಳೆದಿತ್ತು, ಅದೇ ಅವಧಿಯಲ್ಲಿ ಚಿಕ್ಕಮಗಳೂರಿನ ಜನಸಂಖ್ಯೆ ಚೂರು ಇಳಿದೇ ಇತ್ತು. ಯಾವುದೇ ಜಿಲ್ಲೆಯಲ್ಲಿ ನಿಜವಾದ ಜನಸಂಖ್ಯೆ ಅಂದಾಜಿಗಿಂತ ಶೇ 10 ಹೆಚ್ಚಿದ್ದರೆ ಅದರ ತಲಾ ಅಂಕಿ ಶೇ 9ರಷ್ಟು ಇಳಿಯುತ್ತದೆ. ಮುಂದಿನ ಜನಗಣತಿಯ ಎಣಿಕೆಯ ದಿನ 2027ರ ಮಾರ್ಚ್ 1. ಅದರ ಲೆಕ್ಕ ಬಂದ ವರ್ಷ ಜಿಲ್ಲೆಗಳು ಅತ್ತಿತ್ತ ಜಿಗಿದರೆ, ‘ಆದಾಯ ಕುಸಿತ’ ಎಂದು ಶೀರ್ಷಿಕೆ ಹಾಕುವ ಮೊದಲು ಹಳೆಯ ಛೇದವನ್ನೊಮ್ಮೆ ತೆಗೆದು ನೋಡಿ.

— ಓದುಗ, ಧಾರವಾಡ