ಕ್ರಯಪತ್ರ ಬರೆಯುವ ವಿದ್ಯೆ ಅಂಚೆಯಲ್ಲಿ ಎಷ್ಟು ಬರುತ್ತದೆ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕುಳಿತು ಓದಿ ಆಸ್ತಿಪತ್ರ ಬರೆಯುವ ಲೈಸೆನ್ಸ್ ತೆಗೆದುಕೊಳ್ಳಬಹುದೇ ಎಂದು ಹಾಸನ, ಅರಸೀಕೆರೆ, ಸಕಲೇಶಪುರದ ಕಡೆಯ ಪದವೀಧರರು ಉಪನೋಂದಣಿ ಕಚೇರಿಗಳ ಮುಂದೆ ಕೇಳುತ್ತಲೇ ಇರುತ್ತಾರೆ. ಕೆಲವರ ಮೊಬೈಲಿನಲ್ಲಿ ‘ಲೈಸೆನ್ಸ್ಡ್ ಕನ್ವೆಯನ್ಸರ್’ ಕೋರ್ಸಿನ ಜಾಹೀರಾತೂ ಇರುತ್ತದೆ. ದುಡ್ಡು ಕಟ್ಟುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ.

ಕನ್ವೆಯನ್ಸರ್ ಎಂದರೆ ಆಸ್ತಿ ವರ್ಗಾವಣೆಯ ಪತ್ರ, ವ್ಯವಹಾರ ನೋಡಿಕೊಳ್ಳುವವರು. ಆ ಹೆಸರಿನ ವೃತ್ತಿ ಇರುವುದು ಇಂಗ್ಲೆಂಡ್, ವೇಲ್ಸ್‌ಗಳಂಥ ಕಡೆ. ಅಲ್ಲಿ 1985ರ ಕಾಯ್ದೆಯ ಮೇರೆಗೆ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೆಯನ್ಸರ್ಸ್ ಎಂಬ ಸಂಸ್ಥೆ ಈ ಪರವಾನಗಿ ಕೊಡುತ್ತದೆ. ಲೆವೆಲ್ 4 ಮತ್ತು ಲೆವೆಲ್ 6 ಡಿಪ್ಲೊಮಾಗಳನ್ನು ದೂರಶಿಕ್ಷಣದಲ್ಲೇ ಓದಬಹುದು, ನಿಜ. ಆದರೆ ಓದು ಮುಗಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲ. ಅರ್ಹರ ಕೈಕೆಳಗೆ 1,200 ಗಂಟೆ ಕೆಲಸ ಮಾಡಿರಬೇಕು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಅಲ್ಲಿ ನೋಂದಣಿಯಾಗುವುದು ಜಮೀನಿನ ಹಕ್ಕು, ಅದಕ್ಕೆ ಸರ್ಕಾರದ ಖಾತರಿಯೂ ಉಂಟು. ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ ಮಾತ್ರ. ಮಾರುವವನಿಗೆ ಹಕ್ಕಿತ್ತೋ ಇಲ್ಲವೋ ನೋಡಿಕೊಳ್ಳುವ ಹೊರೆ ಕೊಳ್ಳುವವನದು. ಹಾಗಾಗಿ ಅಲ್ಲಿನ ಪಠ್ಯವನ್ನು ಅರೆದು ಕುಡಿದರೂ ಬೇಲೂರಿನ ಒಂದು ಪಹಣಿ ಓದಲು ಬರುವುದಿಲ್ಲ.

ಇಲ್ಲಿ ಪತ್ರವನ್ನು ಪಕ್ಷಗಾರರು ತಾವೇ ಬರೆದುಕೊಳ್ಳಬಹುದು, ವಕೀಲರಿಂದ ಬರೆಸಬಹುದು, ಇಲ್ಲವೇ ಪರವಾನಗಿ ಪತ್ರ ಬರಹಗಾರರಿಂದ. ವಕೀಲರಾಗಲು ದೂರಶಿಕ್ಷಣದ ದಾರಿಯೇ ಇಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮಗಳಂತೆ ತರಗತಿಯಲ್ಲಿ ಶೇ 70 ಹಾಜರಾತಿ ಬೇಕು. ಅಂಚೆ ತೆರಪಿನ ಎಲ್‌ಎಲ್‌ಬಿಗೆ ಸನ್ನದು ಸಿಗದು. ಪತ್ರ ಬರಹಗಾರರ ಪರವಾನಗಿ 1979ರ ರಾಜ್ಯ ನಿಯಮಗಳ ಪ್ರಕಾರ ನೋಂದಣಿ ಇಲಾಖೆಯಿಂದ ಬರಬೇಕು, ಯಾವ ವಿಶ್ವವಿದ್ಯಾಲಯದಿಂದಲೂ ಅಲ್ಲ. ಆದ್ದರಿಂದ ಮೊದಲು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ, ಹೊಸ ಪರವಾನಗಿಗೆ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸಿ. ಕೋರ್ಸಿನ ಶುಲ್ಕದ ಮಾತು ಆಮೇಲೆ.

ಹಾಗಾದರೆ ದೂರಶಿಕ್ಷಣ ದಂಡವೇ? ಅಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, ನೋಂದಣಿ ಕಾಯ್ದೆ, ಮುದ್ರಾಂಕ ಕಾಯ್ದೆ ಈ ಮೂರನ್ನು ಪುಸ್ತಕದಿಂದ ಚೆನ್ನಾಗಿಯೇ ಕಲಿಯಬಹುದು. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸಬೇಕು, ತಡವಾದರೆ ಇನ್ನು ನಾಲ್ಕು ತಿಂಗಳು ದಂಡದೊಂದಿಗೆ ಎಂಬುದಕ್ಕೆ ಗುರು ಬೇಕಿಲ್ಲ. ಲೆಕ್ಕವೂ ಅಷ್ಟೇ: ಹಾಸನ ನಗರದಲ್ಲಿ 50 ಲಕ್ಷದ ನಿವೇಶನಕ್ಕೆ ಶೇ 5ರಂತೆ ಮುದ್ರಾಂಕ ಶುಲ್ಕ 2,50,000, ಅದರ ಮೇಲೆ ಶೇ 10 ಸೆಸ್ 25,000, ಶೇ 2 ಸರ್‌ಚಾರ್ಜ್ 5,000. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿರುವುದರಿಂದ ಅದು 1,00,000. ಒಟ್ಟು 3,80,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಕ್ರಯದ ಮೊತ್ತಕ್ಕಿಂತ ಹೆಚ್ಚಿದ್ದರೆ ಲೆಕ್ಕ ಆ ದರದ ಮೇಲೆ. 50 ಲಕ್ಷ ಮುಟ್ಟಿತೆಂದರೆ ಕೊಳ್ಳುವವನು ಮಾರುವವನಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಹಿಡಿದು ಕಟ್ಟಬೇಕೆಂಬುದನ್ನು ಮರೆಯುವವರೇ ಹೆಚ್ಚು.

ಪುಸ್ತಕ ಕೈಕೊಡುವುದು ದಾಖಲೆಯ ಹಾಳೆ ಮುಂದೆ ಬಂದಾಗ. ಪಹಣಿಯಲ್ಲಿ 2.10.00 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಶಾಲೆಯ ದಶಮಾಂಶದ ಅಭ್ಯಾಸದಲ್ಲಿ ಅದನ್ನು 2.1 ಎಕರೆ ಎಂದು ಬರೆದರೆ ಆಗುವುದು ಎರಡು ಎಕರೆ ನಾಲ್ಕು ಗುಂಟೆ, ಏಕೆಂದರೆ ಎಕರೆಗೆ 40 ಗುಂಟೆ. ಗುಂಟೆಗೆ 1,089 ಚದರಡಿಯಂತೆ ಆರು ಗುಂಟೆ, ಅಂದರೆ 6,534 ಚದರಡಿ ಒಂದು ಚುಕ್ಕೆಯಲ್ಲಿ ಮಾಯ! ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ ಎಂದು ಹಳಬರು ಹೇಳುವುದು ಇದಕ್ಕೇ. ಖರಾಬಿನದೂ, ಅಂದರೆ ಸಾಗುವಳಿಗೆ ಬಾರದ್ದೆಂದು ದಾಖಲಾದ ಜಾಗದ್ದೂ ಹೀಗೆ. ‘ಬಿ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದನ್ನೂ ಸೇರಿಸಿ ವಿಸ್ತೀರ್ಣ ತೋರಿಸಿದ ಪತ್ರ ಅಷ್ಟರ ಮಟ್ಟಿಗೆ ಬರಿ ಕಾಗದ.

ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಹಳೇ ಪತ್ರದಿಂದ ಎತ್ತಿ ಬರೆಯುವುದು ಇನ್ನೊಂದು ಚಾಳಿ. ಪೂರ್ವಕ್ಕೆ ಇಂಥವರ ಜಮೀನು ಎಂದು ಮೂವತ್ತು ವರ್ಷದ ಹಿಂದಿನ ಹೆಸರು, ಅಲ್ಲೀಗ ರಸ್ತೆಯೋ ಬಡಾವಣೆಯೋ ಇರುತ್ತದೆ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದಾಗ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕೈ ಹಿಡಿಯುತ್ತವೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಆ ಭಾಗವನ್ನು ಅಳೆದು ಸರ್ವೆ ಇಲಾಖೆಯಿಂದ ಪಡೆಯುವ 11ಇ ನಕ್ಷೆ ಬೇಕೇ ಬೇಕು; ಅದರ ಗಡಿಯನ್ನೇ ಪತ್ರದ ಷೆಡ್ಯೂಲಿಗೆ ಇಳಿಸಬೇಕು. ತಪ್ಪಾದರೆ ತಿದ್ದುಪಡಿ ಪತ್ರ ಮಾಡಿದರಾಯಿತು ಎನ್ನುವುದು ಸುಲಭ. ಅದಕ್ಕೆ ಬರೆದುಕೊಟ್ಟವರೇ ಮತ್ತೆ ಬಂದು ಸಹಿ ಹಾಕಬೇಕು, ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ. ಒಬ್ಬರು ಮುಖ ತಿರುಗಿಸಿದರೆ ಸಿವಿಲ್ ಕೋರ್ಟು.

ಮಲೆನಾಡಿನ ಅಂಚಿನ ಈ ಜಿಲ್ಲೆಯಲ್ಲಿ ಸರ್ಕಾರ ಕೊಟ್ಟ ಮಂಜೂರಾತಿ ಜಮೀನು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮಂಜೂರಾತಿಯ ದಾಖಲೆಯಾದ ಸಾಗುವಳಿ ಚೀಟಿಯಲ್ಲಿ ಪರಭಾರೆ (ಮಾರಾಟ, ವರ್ಗಾವಣೆ) ನಿಷೇಧದ ಅವಧಿ ಬರೆದಿರುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಹೆಸರು ನೋಡಿ ತೃಪ್ತರಾಗುವವರು 11ನೇ ಕಾಲಂನ ಷರತ್ತು, ಸಾಲಗಳತ್ತ ಕಣ್ಣು ಹಾಯಿಸುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಬೇಲಿಯೊಳಗೆ ಇರುವುದೆಲ್ಲ ಪಹಣಿಯಲ್ಲಿ ಇರುವುದಿಲ್ಲ. ಒತ್ತುವರಿ ಸಾಗುವಳಿಯನ್ನು ‘ಸ್ವಾಧೀನಾನುಭವ ಸಮೇತ’ ಎಂಬ ಎರಡು ಪದ ಸೇರಿಸಿ ಮಾರಲು ಬರುವುದಿಲ್ಲ.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರದ ಬಗ್ಗೆಯೂ ಅತಿ ನಂಬಿಕೆ. ಅದರಲ್ಲಿ ಬರುವುದು ನೋಂದಾಯಿತ ವಹಿವಾಟು ಮಾತ್ರ. ಬಾಯಿಮಾತಿನ ಪಾಲು, ನಡೆಯುತ್ತಿರುವ ದಾವೆ, ನೋಂದಣಿಯಾಗದ ಕರಾರು ಕಾಣುವುದಿಲ್ಲ. ಆನ್‌ಲೈನಿನಲ್ಲಿ ಸಿಗುವುದು 2004ರಿಂದೀಚಿನದು, ಹಿಂದಿನದಕ್ಕೆ ಕಚೇರಿಗೇ ಅರ್ಜಿ ಹಾಕಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ತರುವವರು ಇನ್ನೂ ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಪಾಲುದಾರಳು; 2004ರ ಡಿಸೆಂಬರ್ 20ಕ್ಕೆ ಮೊದಲಿನ ನೋಂದಾಯಿತ ವಿಭಾಗಪತ್ರ ಇಲ್ಲದಿದ್ದರೆ ಅವಳ ಸಹಿ ಕೇಳುವುದೇ ಕ್ಷೇಮ.

ಓದುವವರಿಗೆ ಒಂದು ಸಲಹೆ. ನಿಮ್ಮ ಮನೆಯದೇ ಒಂದು ಸರ್ವೆ ನಂಬರ್ ಹಿಡಿದು ಪಹಣಿ, ಮ್ಯುಟೇಷನ್, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಮೂವತ್ತು ವರ್ಷದ ಇಸಿ ತೆಗೆಸಿ. ಯಾರಿಂದ ಯಾರಿಗೆ, ಯಾವ ಪತ್ರದಿಂದ, ಎಷ್ಟು ಗುಂಟೆ ಎಂದು ಒಂದು ಹಾಳೆಯಲ್ಲಿ ಸರಪಳಿ ಬರೆಯಿರಿ. ಕೊಂಡಿ ಎಲ್ಲಿ ತಪ್ಪಿದೆಯೋ ಅಲ್ಲೇ ನಿಮ್ಮ ಪಾಠ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಹಾಸನದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಭೂದಾಖಲೆ ಮತ್ತು ಪತ್ರ ಬರವಣಿಗೆಗೆಂದು ಕನ್ನಡದಲ್ಲೇ ಒಂದು ಸರ್ಟಿಫಿಕೇಟ್ ಕೋರ್ಸನ್ನು ಅದು ನೋಂದಣಿ ಇಲಾಖೆಯೊಡನೆ ಮಾತಾಡಿ ನಡೆಸಲಿ, ಪರವಾನಗಿಗೆ ಅದನ್ನು ಅರ್ಹತೆಯಾಗಿ ಇಲಾಖೆ ಒಪ್ಪಲಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ವಿವರ ತುಂಬುವ ಅಭ್ಯಾಸಕ್ಕೆ ಶನಿವಾರದ ಸಂಪರ್ಕ ತರಗತಿ ಸಾಕು. ಪರೀಕ್ಷೆಯಲ್ಲಿ ಸೆಕ್ಷನ್ ಬರೆಸುವ ಬದಲು ಒಂದು ಪಹಣಿ, ಒಂದು 11ಇ ನಕ್ಷೆ, ಒಂದು ಇಸಿ ಮುಂದಿಟ್ಟು ಮೂರು ಗಂಟೆಯಲ್ಲಿ ಕ್ರಯಪತ್ರ ಬರೆಸಲಿ. ಪಹಣಿಯಲ್ಲಿ ಬೇಕೆಂದೇ ಸ್ವಲ್ಪ ‘ಬಿ’ ಖರಾಬು ಇರಲಿ.

ಇತಿ,
ಕೆಲವು ಪತ್ರ ಬರಹಗಾರರು, ಹಾಸನ